ತಾಯಿಯ ಸಹಿ ಇಲ್ಲಿ

ಪೈಪು ಮಾರಿದವರಿಗೆ ಕಂಪನಿ ಸಮುದ್ರ ತೋರಿಸುತ್ತದಂತೆ.
ಟಾರ್ಗೆಟ್ ಮುಟ್ಟಿದ್ದೇವೆ: ನಾಲ್ಕು ಇಂಚಿನದು, ಎರಡೂವರೆಯದು,
ಎಲ್ಬೋ, ಟೀ, ಗೋಂದಿನ ಡಬ್ಬಿ ಸಮೇತ.
ಚಿಂತಾಮಣಿಯಿಂದ ಮೂವರು, ಮೂರು ರಾತ್ರಿ, ಊಟ ಉಚಿತ.
ಸಾವಿರದಿನ್ನೂರು ಅಡಿಗೆ ನೀರು ಹುಡುಕುವ ಊರಿನವರು
ನೀರಿನ ಮೇಲೆ ಮಲಗಲು ಹೊರಟಿದ್ದೇವೆ.
ನನಗೆ ನಗು ಬರುತ್ತದೆ. ಇವರಿಗೆ ಬರುವುದಿಲ್ಲ.

ಟ್ರಾವೆಲ್ಸಿನ ಇಮ್ದಾದ್ ಅಂಗಡಿಗೇ ಬಂದ,
ಕೋಲಾರ ರಸ್ತೆಯ ಧೂಳು ಹೆಲ್ಮೆಟ್ಟಿನ ತುಂಬ.
ಗಲ್ಲಾಪೆಟ್ಟಿಗೆಯ ಮೇಲೆ ಕಾಗದ ಹರವಿದ.
"ಹುಡುಗನಿಗೆ ಇಪ್ಪತ್ತೊಂದು ತುಂಬಿಲ್ಲ ಅಕ್ಕಾ,
ಹದಿನೆಂಟು ದಾಟಿದೆ. ಅದಕ್ಕೊಂದು ಪತ್ರ ಇದೆ.
ಅಪ್ಪ ಅಮ್ಮ ಇಬ್ಬರೂ ಬರೆದುಕೊಟ್ಟರೆ
ಬಿಯರು, ವೈನು ಕೊಡುತ್ತಾರೆ. ಬ್ರಾಂದಿ ಇಲ್ಲ.
ಇಲ್ಲದಿದ್ದರೆ ಕೈಗೆ ಹಸಿರು ಪಟ್ಟಿ, ಜ್ಯೂಸು ಮಾತ್ರ."
ದಡದಲ್ಲಿ ಒಂದು ಕಾನೂನು, ನಡುನೀರಲ್ಲಿ ಇನ್ನೊಂದಾ, ಅಂದೆ.
"ಹಡಗಿನವರ ರೂಲ್ಸು ಅಕ್ಕಾ, ನಂದೇನಿದೆ."

ಇವರು ಸಹಿ ಹಾಕಿಯೇಬಿಟ್ಟರು,
ಲೋಡು ಇಳಿದಾಗ ಚಲನ್ನಿಗೆ ಹಾಕುವ ಹಾಗೆ, ಓದದೆ.

ತುಂಬಿಲ್ಲ ಅಂದವರು ಯಾರು?
ಶಾಮಣ್ಣ ಮೇಷ್ಟ್ರು.
ಶಾಲೆಗೆ ಸೇರಿಸುವಾಗ ಕೇಳಿದರು, ಹುಟ್ಟಿದ್ದು ಯಾವತ್ತಮ್ಮ?
ಅವರೆ ಸೊಗಡು ಏರಿದ್ದ ಕಾಲ ಸಾ,
ನಮ್ಮಮ್ಮ ನೆನೆಸಿದ ಕಾಳು ಹಿತುಕುತ್ತಾ ಕೂತಿದ್ದಳು,
ನೋವು ಬಂತು, ಉಳಿದ ಕಾಳು ಮಾರನೆ ದಿನದವರೆಗೂ ನೀರಲ್ಲೇ ಇತ್ತು.
ಮೇಷ್ಟ್ರು ಜೂನ್ ಒಂದು ಅಂತ ಬರೆದರು.
"ಐದು ತಿಂಗಳು ಚಿಕ್ಕವನಾದರೆ ಮುಂದೆ ಕೆಲಸಕ್ಕೆ ಒಳ್ಳೇದು."
ಆ ತರಗತಿಯಲ್ಲಿ ಅದೇ ದಿನ ಹುಟ್ಟಿದವರು ಹದಿನೇಳು ಮಕ್ಕಳು.
ನನ್ನ ಲೆಕ್ಕದಲ್ಲಿ ಸಂಕ್ರಾಂತಿಗೆ ಮುಂಚೆಯೇ ತುಂಬಿತು.
ನನ್ನ ಲೆಕ್ಕ ಯಾವ ಕೌಂಟರಿನಲ್ಲಿ ನಡೆಯುತ್ತದೆ?

ಓಟು ಹಾಕಿ ಬಂದು ಬೆರಳು ತೋರಿಸಿದವನು.
ಬಾಗೇಪಲ್ಲಿಯವರೆಗೆ ಒಬ್ಬನೇ ಲೋಡು ಇಳಿಸಿ
ದುಡ್ಡು ಎಣಿಸಿ ತರುವವನು.

ಕುಡಿಯಲಿ ಅಂತಲ್ಲ.
ಕುಡಿತ ಅಂದರೆ ಏನು ಅಂತ ನನಗೆ ಗೊತ್ತು:
ಗೋಡೌನಿನ ಹಿಂದೆ, ಆರು ಇಂಚಿನ ಪೈಪಿನೊಳಗೆ
ಮುಕ್ಕಾಲು ಬಾಟಲಿ, ಪೈಪಿನ ಬಾಯಿಗೆ ಎಂಡ್ ಕ್ಯಾಪು.
ರಾತ್ರಿ ಒಂಬತ್ತೂವರೆಗೆ ಏಲಕ್ಕಿ ವಾಸನೆ.
ಇಪ್ಪತ್ತಮೂರು ವರ್ಷದಿಂದ ಏಲಕ್ಕಿ ತರುವವಳು ನಾನೇ,
ಪಾಯಸ ಮಾಡಿದ್ದು ಬೆರಳಲ್ಲಿ ಎಣಿಸಬಹುದು.
ಹೋದ ವರ್ಷ ಅಂಬಾಜಿ ದುರ್ಗ ಹತ್ತಿಬಂದ ಮಗನ ಬಾಯಲ್ಲೂ
ಅದೇ ಏಲಕ್ಕಿ.
ಒಂದೇ ಡಬ್ಬಿ. ಅಂದು ರಾತ್ರಿ
ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ
ಮೊಸರನ್ನಕ್ಕೆ ಉಪ್ಪು ಕೇಳಿದರು.

"ಇಮ್ದಾದಪ್ಪಾ, ಐವತ್ತು ದಾಟಿದವರಿಗೆ
ಹೆಂಡತಿ ಬರೆದುಕೊಡುವ ಪತ್ರ ಇದೆಯೇನಪ್ಪ?"
ಅವನು ಹೆಲ್ಮೆಟ್ಟು ಒರೆಸಿದ.
ಇವರು ಫೋನು ಕಿವಿಗಿಟ್ಟು ಯಾರಿಗೋ ರೇಟು ಹೇಳತೊಡಗಿದರು.
ಫೋನು ಹೊಡೆದೇ ಇರಲಿಲ್ಲ.

ಸಂಜೆ ಅಡುಗೆಮನೆಗೆ ಬಂದ ಮುನಿಕಿರಣ.
"ಹಾಕಬೇಡ ಅಮ್ಮಾ, ನನಗೇನೂ ಬೇಡ."
ಕಡಲೆಕಾಯಿ ಸುಲಿಯುತ್ತಾ ಒಂದಷ್ಟು ಹೊತ್ತು ಸುಮ್ಮನಿದ್ದ.
"ಹಾಕಿದರೆ ಅಪ್ಪನೂ ನಾನೂ ಒಂದೇ ಮೇಜಲ್ಲಿ ಕೂರಬೇಕಾಗುತ್ತೆ.
ಹಡಗಲ್ಲಿ ಗೋಡೌನ್ ಇಲ್ವಲ್ಲ."

ಕುಕ್ಕರು ಮೂರು ಸಲ ಕೂಗಿತು. ನಾಲ್ಕೋ.

ಗ್ಯಾಸು ಆರಿಸಿದೆ. ಕೈ ಒರೆಸಿಕೊಂಡೆ.
ತಾಯಿಯ ಸಹಿ ಇಲ್ಲಿ ಅಂತ ಇಮ್ದಾದ್ ಗುರುತು ಹಾಕಿದ್ದ ಗೆರೆಯ ಮೇಲೆ
ಪೂರ್ತಿ ಹೆಸರು ಬರೆದೆ, ಮುನಿರತ್ನಮ್ಮ, ಕನ್ನಡದಲ್ಲಿ.
ಕೂರಲಿ. ಒಂದೇ ಮೇಜು. ಎದುರಿಗೆ ನಾನೂ,
ಹಸಿರು ಪಟ್ಟಿ ಕೇಳಿ ಕಟ್ಟಿಸಿಕೊಂಡು, ಜ್ಯೂಸು ಹೀರುತ್ತಾ.
ಏಲಕ್ಕಿ ಡಬ್ಬಿ ಚಿಂತಾಮಣಿಯಲ್ಲೇ ಇರುತ್ತದೆ.

ಪಕ್ಕದಲ್ಲಿ ದಿನಾಂಕಕ್ಕೆ ಒಂದು ಚೌಕ ಇತ್ತು.
ಅವನು ಹುಟ್ಟಿದ ದಿನ ಹಾಕಿದೆ,
ಕಾಳು ನೀರಲ್ಲೇ ಉಳಿದ ದಿನ.
ನಾಳೆ ಇಮ್ದಾದ್ ಫೋನು ಮಾಡುತ್ತಾನೆ,
ಡೇಟು ತಪ್ಪಾಗಿದೆ ಅಕ್ಕಾ, ಬೇರೆ ಫಾರಂ ತರಲಾ?
ತಾರಪ್ಪ ಅನ್ನುತ್ತೇನೆ.
ಅದರಲ್ಲೂ ಅದನ್ನೇ ಬರೆಯುತ್ತೇನೆ.