ಬೋರ್ಡಿಗೆ ಎಂತ ಬರೆಯುದು

ಬಂದರಿನ ಓಣಿಯಲ್ಲಿ ಏಣಿಯ ಮೇಲೆ ನಿಂತು
ಹಮ್ಮಬ್ಬ ಕೇಳಿದ: "ಸುಗಂಧಿಯಕ್ಕ,
ಬೋರ್ಡಿಗೆ ಎಂತ ಬರೆಯುದು?"
ಮೂರಡಿ ತಗಡು. ನೀಲಿ ಇನ್ನೂ ಹಸಿ.

ಹೊಲಿಗೆ, ಎಂದೆ. ಅವನು 'ಹೊ' ಬರೆಯುವಷ್ಟರಲ್ಲಿ
ಒಳಗೆ ಬಿಚ್ಚಿಟ್ಟ ರೇಡಿಯೋ ಗೊರ್ರೆಂದಿತು.
ಕೊಡೆ ರಿಪೇರಿಯೂ ಉಂಟಲ್ಲ, ಎಂದೆ,
ಮತ್ತೆ ಆ ಹಾರ್ಮೋನಿಯಂ, ಅದರ ಒಂದು ಮನೆ
ಈಗಲೂ ನನ್ನ ಮಾತು ಕೇಳುವುದಿಲ್ಲ.
ಚೆಸ್ಸಿನಲ್ಲಿ ಐಸ್ ಪ್ಲಾಂಟಿನ ಹುಡುಗನಿಗೆ
ದಿನಾ ಸೋಲುತ್ತೇನೆ. ಅದನ್ನು ಬರೆಯಬೇಡ.

ಭಾವ ಹೇಳುತ್ತಿದ್ದರು, ಊಟದ ನಡುವೆ ಬೆರಳೆತ್ತಿ:
ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು.
ನಾನೂ ಹುಡುಕಿದ್ದೇನೆ ಭಾವ.
ಇಳಿತದ ಹೊತ್ತು ಬೆಂಗ್ರೆಯ ಕೆಸರಲ್ಲಿ ಮೊಣಕಾಲು ಹೂತು
ಬುಟ್ಟಿಗಟ್ಟಲೆ ಮರುವಾಯಿ ಹೆಕ್ಕಿ
ಒಂದೊಂದನ್ನೂ ಬಿಡಿಸಿ ನೋಡಿದವಳು.
ಮುತ್ತು ಸಿಗಲಿಲ್ಲ.
ಸುಕ್ಕ ಮಾತ್ರ
ನೀವೇ ಎರಡು ಸಲ ಬಡಿಸಿಕೊಂಡಿರಿ.

ನಲವತ್ತು ವರ್ಷ ನಾಚಿದೆ,
ಸೂಜಿ ಹಿಡಿದಾಗ ವಯರಿಗೆ,
ವಯರು ಹಿಡಿದಾಗ ಸೂಜಿಗೆ,
ಎರಡು ಸಂಸಾರ ಇಟ್ಟುಕೊಂಡವನ ಹಾಗೆ.
ಸಾಕಾಯಿತು.

ನೇತ್ರಾವತಿ, ಫಲ್ಗುಣಿ ಎರಡೂ ಬಂದು ಬೀಳುವ ಅಳಿವೆಯಲ್ಲಿ
ಇದು ಯಾವ ನೀರು ಎಂದು ದೋಣಿಯವನು ಕೇಳುವುದಿಲ್ಲ.
ಆಳ ಕೇಳುತ್ತಾನೆ, ನಿಜ.
ಅಲ್ಲಿ ಹೂಳು ಹೆಚ್ಚು, ಅದೂ ನಿಜ.
ಆದರೂ ಎಲ್ಲ ದೋಣಿ ಹೊರಗೆ ಹೋಗುವುದು
ಅಲ್ಲಿಂದಲೇ.

ಬ್ರಶ್ಶಿನಿಂದ ಬಿಳಿ ತೊಟ್ಟಿಕ್ಕುತ್ತಿದೆ.
'ಹೊ' ಒಂದೇ ಸಾಕು, ಏಣಿ ಇಳಿ ಮಾರಾಯ,
ಚಾ ಆರುತ್ತದೆ.
ಅಲ್ಲ ಹಮ್ಮಬ್ಬ,
ನಿನ್ನ ಬಣ್ಣದ ಡಬ್ಬಿಯೊಳಗೆ
ಗಾಳದ ದಾರ ಎಂತಕ್ಕೆ?