ಸೋಮಾರಿ ಗಾಳಿ

ಇಲ್ಲಿ ಯಾರ ಬಾಯಲ್ಲೂ ಶಾಕಾಂಬರಿ ಹಿಡಿಸುವುದಿಲ್ಲ.
ಮೊದಲ ವಾರವೇ ಕತ್ತರಿಸಿ ‘ಶಾಕ್’ ಮಾಡಿದರು,
ಕರೆಂಟಿನ ಕೆಲಸದವಳಿಗೆ ಅದೇ ಸರಿ ಎಂದು
ಟ್ರೋಮನ್ಸ್ ನಕ್ಕ. ನಾನೂ ನಕ್ಕೆ.
ಹೆಲ್ಮೆಟ್ಟಿನೊಳಗೆ ನಕ್ಕರೆ ಗಾಜಿಗೆ ಮಂಜು ಹಿಡಿಯುತ್ತದೆ.

ಟಿಪ್ಟನ್. ಕಾಲುವೆಯ ಪಕ್ಕ ಇಟ್ಟಿಗೆಯ ಶೆಡ್ಡು.
ಫೆಬ್ರವರಿ, ಏಳು ಗಂಟೆಗೂ ಕತ್ತಲೆ.
ಮೇಜಿನ ಮೇಲೆ ಒಂದೂವರೆ ಮಿಲ್ಲಿಮೀಟರ್ ಉಕ್ಕಿನ ತಗಡು:
ಗ್ರೇಟ್ ಬ್ರಿಡ್ಜಿನ ಮೀನು-ಚಿಪ್ಸ್ ಅಂಗಡಿಗೆ
ಒಲೆಯ ಹೊಗೆ ಎಳೆಯುವ ಚೌಕದ ಕೊಳವೆ,
ನಾಲ್ಕು ಮೂಲೆ, ನಾಲ್ಕು ಉದ್ದನೆಯ ಹೊಲಿಗೆ.

ಹರಿಹರದ ಐಟಿಐಯಲ್ಲಿ ನಾನು ಕಲಿತದ್ದು ಕಡ್ಡಿಯ ಬೆಸುಗೆ,
ದಪ್ಪ ಗರ್ಡರಿಗೆ. ತನ್ನ ಹೊಗೆ ತಾನೇ ಉಗುಳಿ
ಮೇಲೆ ಹಕ್ಕಳೆ ಕಟ್ಟುತ್ತಿತ್ತು.
ತೆಳು ತಗಡಿಗೆ ಬೇರೆಯೇ ಗುಣ, ಮುಂಗೋಪ.
ಒಂದೇ ಕಡೆ ನಿಂತೆಯೋ, ತೂತು.
ಒಂದೇ ಉಸಿರಿಗೆ ಓಡಿದೆಯೋ,
ಕೆಂಡಕ್ಕೆ ಹಿಡಿದ ಹಪ್ಪಳದಂತೆ ಸೊಟ್ಟ.
ಅದಕ್ಕೇ ಮೊದಲು ಟೈಲರ್ ಹಾಕುವ ಹಾಗೆ ಕಚ್ಚಾ ಹೊಲಿಗೆ,
ಇಲ್ಲೊಂದು ಚುಕ್ಕಿ, ಆ ತುದಿಗೊಂದು, ನಡುವೆ ಇನ್ನೊಂದು.
ಆಮೇಲೆ ಎರಡೆರಡು ಅಂಗುಲ, ಹಿಂದಕ್ಕೆ ಸರಿಯುತ್ತ,
ಬೆನ್ನಿಗೆ ತಾಮ್ರದ ಪಟ್ಟಿ, ಹೆಚ್ಚಾದ ಬಿಸಿ ಕುಡಿಯಲು.

ಹದ ತಿಳಿಯುವುದು ಕಿವಿಗೆ.
ಸಾಸಿವೆಯಂತೆ ಒಂದೇ ಸಮ ಸಿಡಿಯಬೇಕು, ಹದಿನೆಂಟು ವೋಲ್ಟಿಗೆ.
ತಡೆತಡೆದು ಢಬ್ ಎಂದರೆ ತಂತಿ ಜಾಸ್ತಿ,
ಬುಸುಗುಟ್ಟಿದರೆ ವೋಲ್ಟು ಜಾಸ್ತಿ.
ಟ್ರೋಮನ್ಸನಿಗೆ ಅದು ಬೇಕನ್ ಹುರಿಯುವ ಸದ್ದು,
ನನಗೆ ಒಗ್ಗರಣೆ. ಯಂತ್ರದ ಗುಂಡಿ ಮಾತ್ರ
ಇಬ್ಬರಿಗೂ ಒಂದೇ ಗೆರೆಯಲ್ಲಿ ನಿಲ್ಲುತ್ತದೆ.

ಇನ್ನು ಆ ಕಾಣದ ಗಾಳಿ. ಬಹುಪಾಲು ಆರ್ಗಾನ್.
ನಿಮಿಷಕ್ಕೆ ಹನ್ನೆರಡು ಲೀಟರ್,
ಗಾಜಿನ ನಳಿಕೆಯಲ್ಲಿ ಗುಂಡು ತೇಲುತ್ತಿದ್ದರೆ ಸಾಕು.
ಉರಿಯುವುದಿಲ್ಲ, ಯಾರೊಂದಿಗೂ ಬೆರೆಯುವುದಿಲ್ಲ.
ಕರಗಿದ ಲೋಹದ ಮೇಲೆ ಸುಮ್ಮನೆ ಕವುಚಿಕೊಂಡು
ಹೊರಗಿನ ಗಾಳಿಗೆ ‘ಈಗ ಬೇಡ’ ಅನ್ನುತ್ತದೆ,
ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತ ಮುದುಕಿಯ ಹಾಗೆ.

ಹತ್ತೂಕಾಲಿಗೆ ಕೀರನ್ ಶಟರ್ ಎತ್ತಿದ,
ಲಾರಿ ಬಂತೆಂದು. ಹದಿನೇಳರ ಹುಡುಗ.
ಕಾಲುವೆಯ ಮೇಲಿಂದ ಬಂದ ಚಳಿ ಕತ್ತಿಗೆ ತಾಗುವ ಮೊದಲೇ
ಸದ್ದು ಒಡೆಯಿತು.
ಹೆಲ್ಮೆಟ್ ಎತ್ತಿದರೆ, ಮೂರನೇ ಮೂಲೆಯ ಎರಡಂಗುಲ
ನೀರುದೋಸೆ. ತೂತೇ ತೂತು.

ಟ್ರೋಮನ್ಸ್ ಬರುವಷ್ಟರಲ್ಲಿ ಶಟರ್ ಇಳಿದಿತ್ತು.
ಬೆರಳಲ್ಲಿ ಸವರಿ ‘ಯಾರು?’ ಅಂದ.
‘ಗುಂಡು ಕೆಳಗಿಳಿದಿತ್ತು, ನಾನು ನೋಡಲಿಲ್ಲ.’
ಅವನು ಶಟರನ್ನು ನೋಡಿದ, ನನ್ನನ್ನು ನೋಡಿದ,
ಗ್ರೈಂಡರ್ ತಂದಿಟ್ಟು ಹೋದ.
ಊಟದ ಹೊತ್ತೆಲ್ಲ ಉಜ್ಜಿದೆ, ತಗಡು ಸವೆಯದ ಹಾಗೆ.
ಕೀರನ್ ಏನೂ ಹೇಳಲಿಲ್ಲ. ಸಂಜೆಯೊಳಗೆ
ಎರಡು ಸಲ ಚಹಾ ತಂದ, ಸಕ್ಕರೆ ಹಾಕಿ.
ನಾನು ಸಕ್ಕರೆ ಬಿಟ್ಟು ಆರು ವರ್ಷ.
ಕುಡಿದೆ.

ಮುಂದಿನ ತಿಂಗಳು ಒಂದು ಶುಕ್ರವಾರ ಆ ಅಂಗಡಿಗೆ ಹೋದೆ.
ಸಾಲಿನಲ್ಲಿ ಹನ್ನೊಂದು ಜನ, ಒಬ್ಬರೂ ಮೇಲೆ ನೋಡುವುದಿಲ್ಲ.
ಕೊಳವೆಗೆ ಕಪ್ಪು ಬಣ್ಣ ಬಳಿದಿದ್ದರು.
ಮೂರನೇ ಮೂಲೆ ಗೋಡೆಯ ಕಡೆಗೆ ತಿರುಗಿತ್ತು.
ವಿನಿಗರ್ ಚಿಮುಕಿಸುತ್ತ ಸೈಪ್ರಸ್ಸಿನ ಆಂಡ್ರೂಲಾ ಕೇಳಿದಳು,
ಅದೇನು ಅಲ್ಲಿ ಅಷ್ಟು ನೋಡೋದು?
ಹೇಳಿದೆ: ತಂತಿ, ಬೆಂಕಿ, ಆರ್ಗಾನ್.
‘ಆರ್ಗಾನಾ! ನಮ್ಮ ಮಾತಿನಲ್ಲಿ ಅದು ಸೋಮಾರಿ ಕಣೇ.
ನನ್ನ ಚಿಕ್ಕಪ್ಪನನ್ನು ಹಾಗೇ ಕರೆಯುತ್ತಿದ್ದರು,
ಏನೂ ಮಾಡದೆ ಹೊಸ್ತಿಲಲ್ಲಿ ಕೂತಿರುತ್ತಿದ್ದ.
ಅವನು ಸತ್ತ ವರ್ಷವೇ ಮನೆಗೆ ಕಳ್ಳ ನುಗ್ಗಿದ.’

ಎಣ್ಣೆಗೆ ಹೊಸ ಬುಟ್ಟಿ ಇಳಿಯಿತು.
ಕಿವಿಗೊಟ್ಟೆ.
ಇನ್ನರ್ಧ ವೋಲ್ಟು ಬೇಕಿತ್ತು.