ಗುದೈಬಿಯಾ, ರಾತ್ರಿ ಒಂದೂವರೆ

ರೊಡೆಲ್ ಮನಿಲಾಕ್ಕೆ ಹೊರಟಾಗ ಹನ್ನೆರಡು ದಿನಾರಿಗೆ
ಕೊಟ್ಟುಹೋದ ಗಿಟಾರು. ಒಂದು ಬಿರಡೆ ಸಡಿಲ.
ಕಂಪ್ಯೂಟರು ಯಾವುದೋ ಆಫೀಸಿನವರು ಎಸೆದದ್ದು,
ಫ್ಯಾನಿಗೆ ನಾನೇ ಎಣ್ಣೆ ಬಿಟ್ಟೆ.
ನಡುವೆ ಸೋಪಿನ ಡಬ್ಬಿಯಷ್ಟು ಒಂದು ಪೆಟ್ಟಿಗೆ, ಎರಡು ವೈರು.

ಮೀಟಿದೆ.
ಸ್ವರ ತಡವಾಗಿ ಬಂತು,
ಲಿಫ್ಟ್ ಕೆಟ್ಟ ದಿನ ನಾಲ್ಕನೇ ಮಹಡಿಗೆ
ಗ್ಯಾಸ್ ಸಿಲಿಂಡರ್ ಹೊತ್ತು ಬರುವವನ ಹಾಗೆ.
ಬಫರು ಇಳಿಸಿದೆ: ಐನೂರ ಹನ್ನೆರಡು, ಇನ್ನೂರೈವತ್ತಾರು,
ನೂರಿಪ್ಪತ್ತೆಂಟು. ಅಲ್ಲಿ ಕಂಪ್ಯೂಟರು ಕೆಮ್ಮತೊಡಗಿತು.
ಒಂದು ಮೆಟ್ಟಿಲು ವಾಪಸು.

ಆಮೇಲೆ ಆ ಗುಂಯ್.
ಹದಿನಾರು ವರ್ಷ ಕಂಡವರ ವಿಲ್ಲಾಗಳಿಗೆಲ್ಲ
ಅರ್ತಿಂಗ್ ಕೊಟ್ಟವನು ನಾನು;
ನನ್ನ ತಲೆದಿಂಬಿನ ಪಕ್ಕದ ಸಾಕೆಟ್ ಬಿಚ್ಚಿದರೆ
ಹಸಿರು ವೈರು ಎಲ್ಲಿಗೂ ಹೋಗಿಲ್ಲ,
ಗೋಡೆಯೊಳಗೆ ಸುಮ್ಮನೆ ಮಡಚಿ ಕೂತಿದೆ.

ಅಂಗೈ ತಂತಿಗಳ ಮೇಲಿಟ್ಟೆ.
ನಿಂತಿತು.
ಸರಿ, ಸದ್ಯಕ್ಕೆ ಭೂಮಿ ನಾನೇ.

ಹೆಡ್‌ಫೋನಿನೊಳಗೆ ಈಗ
ತಗಡು ಹರಿದಂತೆ, ಸಮುದ್ರಕ್ಕೆ ಬೆಂಕಿ ಬಿದ್ದಂತೆ!
ಹೊರಗೆ ಬರೀ ಟಿಕ್, ಟಿಕ್.

ಮೇಲಿನ ಮಂಚದಿಂದ ಮೊಯಿದಿನಬ್ಬ,
ನಾಲ್ಕಕ್ಕೆ ಎದ್ದು ಬೇಕರಿಗೆ ಹೋಗಬೇಕಾದವನು:
“ರಾತ್ರಿ ಹೊತ್ತು ಉಗುರು ತೆಗೀತಾರಾ, ಲಾದ್ರೂ?”

“ಇನ್ನೊಂದೇ ಬೆರಳು,” ಅಂದೆ.